ಮಾವನವರು ಎತ್ತಿದ ಚೀಟಿ

ನಮ್ಮ ಮಾವನವರಿಗೆ ಮೂರೇ ಆದ್ಯತೆಗಳು: ಮೊದಲು ಚುನಾವಣೆ, ಆಮೇಲೆ ನೋಂದಣಿ, ಆಮೇಲೆ ಊಟ. ಮನೆಯವರ ಕ್ರಮಸಂಖ್ಯೆ ಎಷ್ಟು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ! ಮೈಸೂರಿನಲ್ಲಿ ಸಹಕಾರ ಸಂಘಗಳ ಚುನಾವಣೆ ನಡೆಸಿ, ವ್ಯಾಪಾರ ಸಂಸ್ಥೆಗಳ ನೋಂದಣಿ ಕಡತಗಳಿಗೆ ಸಹಿ ಹಾಕಿ ನಿವೃತ್ತರಾದವರು. ನಿವೃತ್ತಿಯನ್ನು ಸರ್ಕಾರ ಒಪ್ಪಿತು, ಅವರು ಒಪ್ಪಲಿಲ್ಲ. ಮೂರು ತಿಂಗಳಿಗೆಂದು ಜಪಾನಿನ ನಿಶಿ ಕಸಾಯಿಯ ನಮ್ಮ ಫ್ಲ್ಯಾಟಿಗೆ ಬಂದವರು ಮರುದಿನವೇ ಊಟದ ಮೇಜಿನ ಮೇಲೆ, ಬಂದ ಅರ್ಜಿಗಳನ್ನು ದಾಖಲಿಸಲು, ಇನ್‌ವರ್ಡ್ ಪುಸ್ತಕ ತೆರೆದರು.

"ಮಾವ, ಟಿವಿ ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ? ಮೀಟಿಂಗ್ ಇದೆ."

"ಬರವಣಿಗೇಲಿ ಕೊಡಿ ಅಳಿಯಂದಿರೇ."

ಕೊಟ್ಟೆ! ಇನ್ನೇನು ಮಾಡಲಿ? ಮೀಟಿಂಗ್ ಮುಗಿದ ಮೇಲೆ ಮಂಜೂರಾಯಿತು.

ಭಾನುವಾರ ದೋಸೆಯೋ ಉಪ್ಪಿಟ್ಟೋ ಎನ್ನುವುದಕ್ಕೂ ಗುಪ್ತ ಮತದಾನ. ಓಟು ಹಾಕಿದವರ ಬೆರಳಿಗೆ ಮಾರ್ಕರ್ ಪೆನ್ನಿನ ಗುರುತು. ಸೋಮವಾರ ಆಫೀಸಿನಲ್ಲಿ ಸಹೋದ್ಯೋಗಿ ತನಾಕಾ ಸಾನ್ ನನ್ನ ಬೆರಳು ನೋಡಿ, ಪಾಪ, ಪೆಟ್ಟಾಯಿತೇ ಎಂದು ವಿಚಾರಿಸಿದರು. "ಇಲ್ಲ, ಉಪ್ಪಿಟ್ಟು" ಎಂದೆ.

ಹತ್ತು ವರ್ಷ ತೊಜಾಯಿ ರೈಲಿನಲ್ಲಿ ಜಜ್ಜಿಸಿಕೊಂಡು, ಕಂಡಕಂಡವರಿಗೆಲ್ಲ ಸುಮಿಮಾಸೆನ್, ಕ್ಷಮಿಸಿ ಎಂದು ಎಂದು ನನಗೆ ಸಾಕುಸಾಕಾಗಿತ್ತು. ಮೈಸೂರಿಗೆ ಹೋಗಿಬಿಡೋಣ ಎಂದು ನಾನು, ಬೇಡವೇ ಬೇಡ ಎಂದು ನನ್ನಾಕೆ. ಮಾವನವರು ಯಾರ ಕಡೆ ಅಂತ ಬೇರೆ ಹೇಳಬೇಕೇ? ಮೊಮ್ಮಗಳಿಗೆಂದು ಮೈಸೂರಿನ ಶಾಲೆಯೊಂದರ ಫಾರಂ ತುಂಬಿ ಸೂಟ್‌ಕೇಸಿನಲ್ಲೇ ತಂದಿದ್ದರು. ಆದರೂ ವಿಷಯ ಓಟಿಗೆ ಬಂದಾಗ, "ಚುನಾವಣಾಧಿಕಾರಿಗೆ ಮತ ಇಲ್ಲ" ಎಂದುಬಿಟ್ಟರು.

ಎಂಟು ವರ್ಷದ ಮಗಳು ಬಿಡುವವಳೇ? "ಅಜ್ಜ, ವಾಟ್ ಅಬೌಟ್ ಮಿ? ನನ್ ಓಟು?"

"ಹದಿನೆಂಟು ತುಂಬ್ಲಿ ಪುಟ್ಟಿ. ಏನಾದ್ರೂ ಹೇಳೋದಿದ್ರೆ ಅರ್ಜಿ ಕೊಡು."

ಇದ್ದದ್ದೇ ಎರಡು ಓಟು, ಆ ಕಡೆ ಒಂದು, ಈ ಕಡೆ ಒಂದು. ಸಮಬಲವಾದರೆ ಚೀಟಿ ಎತ್ತಬೇಕು, ಅದು ನಿಯಮ. ಮಾವನವರೇ ಎರಡು ಚೀಟಿ ಬರೆದು, ಮಡಿಚಿ, ಚಟ್ನಿಪುಡಿ ಡಬ್ಬಿಯಲ್ಲಿ ಕುಲುಕಿ, ಕಣ್ಣುಮುಚ್ಚಿ ಒಂದನ್ನು ಎತ್ತಿದರು. "ಇಲ್ಲೇ ಇರುವುದು" ಎಂದು ಓದಿದರು. ನನಗೆ ಅಳುವೇ ಬಂತು. ಆದರೆ ಯಾರ ಒತ್ತಡಕ್ಕೂ ಬಗ್ಗದೆ ಏಳು ಸಲ ಎತ್ತಂಗಡಿಯಾದ ಮನುಷ್ಯನ ಚುನಾವಣೆಯನ್ನು ಪ್ರಶ್ನಿಸುವುದುಂಟೇ?

ಮರುದಿನ ಕಾಗದದ ಕಸ ಹಾಕುವ ದಿನ. ರದ್ದಿ ಕಾಗದದ ಕಟ್ಟಿನೊಳಗೆ ಸೇರಿಸೋಣವೆಂದು ಡಬ್ಬಿಯಲ್ಲಿ ಉಳಿದಿದ್ದ ಚೀಟಿ ತೆಗೆದು, ಸುಮ್ಮನೆ ಬಿಚ್ಚಿದೆ. ಅದರಲ್ಲೂ "ಇಲ್ಲೇ ಇರುವುದು"!

ಇನ್‌ವರ್ಡ್ ಪುಸ್ತಕ ತೆರೆದೆ. ಕೊನೆಯ ಪುಟಕ್ಕೆ ಸೊಟ್ಟಸೊಟ್ಟ ಕನ್ನಡದ ಒಂದು ಚೂರು ಕಾಗದ ಪಿನ್ ಮಾಡಿತ್ತು: "ಅಜ್ಜ ನನ್ನ ಫ್ರೆಂಡ್ಸ್ ಇಲ್ಲಿ. ಪ್ಲೀಸ್." ಕೆಳಗೆ ಮಾವನವರ ದುಂಡಕ್ಷರ: "ಅರ್ಜಿದಾರರು ಮೊಮ್ಮಗಳು. ವಿಲೇವಾರಿಯಾಗಿದೆ." ಕಸದ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ, ಒಂದು ಮಡಿಕೆಯೂ ಇಲ್ಲದೆ, ಮೈಸೂರಿನ ಶಾಲೆಯ ಫಾರಂ ಇತ್ತು.

"ಮಾವ, ಇದು ಅಕ್ರಮ ಅಲ್ವಾ?"

ಬರವಣಿಗೆಯಲ್ಲಿ ಕೊಡಿ ಎನ್ನಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ತುಂಬ ಹೊತ್ತು ಒರೆಸಿದರು. "ಹೌದಪ್ಪ. ಇಡೀ ಸರ್ವೀಸಲ್ಲಿ ಇದೊಂದೇ."

ಆ ಫಾರಂ ಒಂದನ್ನು ತೆಗೆದಿಟ್ಟುಕೊಂಡು, ಉಳಿದ ಕಟ್ಟನ್ನು ಕೆಳಗೆ ಕಸದ ಜಾಗದಲ್ಲಿಟ್ಟು, ಅದೇ ರೈಲು ಹತ್ತಿ ಆಫೀಸಿಗೆ ಹೋದೆ.