ಕರೆಂಟಿನ ತಂತಿಯೊಳಗಿನ ಇಂಟರ್ನೆಟ್

ದೇವರು ನನಗೆ ಎರಡು ಹೊತ್ತಿನ ಪೂಜೆ ಕೊಟ್ಟಿದ್ದಾನೆ, ಮೂರು ಹೊತ್ತಿನ ಸಂಶಯವನ್ನೂ ಕೊಟ್ಟಿದ್ದಾನೆ. ಹೀಗಾಗಿ ಮನೆಗೆ ಏನೇ ಸಾಮಾನು ತರಲಿ, ಒಂದಿಲ್ಲೊಂದು ಫಜೀತಿ ಆಗಿಯೇ ತೀರುತ್ತದೆ.

ಕೌಜಲಗಿಯ ನಮ್ಮ ಮನೆಗೆ ಇಂಟರ್ನೆಟ್ ಬಂದ ಹೊಸತು. ಮೋಡೆಮ್ಮು ಪಡಸಾಲೆಯಲ್ಲಿ, ಪರೀಕ್ಷೆಗೆ ಓದುವ ಮಗಳು ಮಾಳಿಗೆಯ ಕೋಣೆಯಲ್ಲಿ. ನಡುವಿನ ಕಲ್ಲುಗೋಡೆಯನ್ನು ವೈಫೈ ದಾಟಲಿಲ್ಲ. ಪಡಸಾಲೆಯಲ್ಲಿ ಓದಲು ಕೂತರೆ, ಬಂದವರೆಲ್ಲ ಅವಳಿಗೆ ವರ ಹೇಳುವವರೇ.

"ಅಪ್ಪಾ, ಕರೆಂಟಿನ ತಂತಿಯೊಳಗ ಇಂಟರ್ನೆಟ್ ಹಾಯಿಸೋ ಜೋಡಿ ಡಬ್ಬಿ ಬರ್ತಾವಂತ. ಒಂದು ಕೆಳಗಿನ ಪ್ಲಗ್ಗಿಗೆ, ಒಂದು ಮ್ಯಾಲಿನ ಪ್ಲಗ್ಗಿಗೆ. ತಂದು ಕೊಡ್ರಿ," ಎಂದಳು.

ಗೋಕಾಕದಲ್ಲಿ

"ಇನ್ನೂರು ಸ್ಪೀಡ್ ರಿ ಕಾಕಾ," ಎಂದ ಅಂಗಡಿಯವ.

"ಹಂಗಾರ ಆ ಲಕ್ಷ್ಮಿ ಫೋಟೊ ಮುಟ್ಟಿ ಆಣಿ ಮಾಡ್ರಿ."

ಅವನು ಕೈ ಚಾಚಿದ. ಕೈ ಅರ್ಧಕ್ಕೇ ನಿಂತಿತು. "ಅಂದ್ರ... ಅರ್ಧಾ ಬರತೈತ್ರಿ."

ಹುಕ್ಕೇರಿಯಲ್ಲಿ

ಪಾಲಾದ ಮೇಲೆ ನಮ್ಮ ಮನೆಯ ಇನ್ನರ್ಧದಲ್ಲಿ ತಮ್ಮ ಇದ್ದಾನೆ. "ಅಂವ ಆಚಿ ಕಡೆ ಪ್ಲಗ್ ಹಾಕಿ ನನ್ನ ಇಂಟರ್ನೆಟ್ ಎಳಕೊಂಡ್ರ?" ಎಂದು ಕೇಳಿದೆ.

ಅಂಗಡಿಯವ ಡಬ್ಬಿ ಕೆಳಗಿಟ್ಟ. "ಕಾಕಾ, ನಿಮಗ ಬರೂದು ಬೇಕೋ, ತಮ್ಮಗ ಬರಬಾರದು ಅನ್ನೂದು ಬೇಕೋ?"

"ಮೊದಲ ಎರಡನೇದರ ಖಾತ್ರಿ ಕೊಡ್ರಿ."

ಮೂಡಲಗಿಯಲ್ಲಿ

"ಆಣಿ ಗೀಣಿ ಇಲ್ರಿ. ಎಂಟು ದಿನ ಹಚ್ಚಿ ನೋಡ್ರಿ, ಬರಲಿಲ್ಲಂದ್ರ ವಾಪಸ್ ತರ್ರಿ," ಎಂದ ಅಲ್ಲಿಯವ. ಇಷ್ಟು ಸರಳ ಮಾತು ಕೇಳಿ ಸಂಶಯ ಇನ್ನೂ ಬಲಿಯಿತು. ಆದರೂ ಒಯ್ದೆ.

ಮನೆಯಲ್ಲಿ

ಕಾಯಿ ಒಡೆದು, ಕುಂಕುಮ ಹಚ್ಚಿ ಡಬ್ಬಿ ಕೂಡಿಸಿದೆವು. ಎರಡನೇ ಡಬ್ಬಿಯನ್ನು ಕೆಳಗಿನ ಯಾವ ಪ್ಲಗ್ಗಿಗೆ ಹಾಕಿದರೂ ಇಂಟರ್ನೆಟ್ ಬಂದ ಹಸಿರು ದೀಪ. ಮಗಳ ಕೋಣೆಯಲ್ಲಿ ಮಾತ್ರ ಇಲ್ಲ. ಎಂಟನೆಯ ದಿನ ಮಗಳು ಮತ್ತೆ ಪುಸ್ತಕ ಹೊತ್ತು ಪಡಸಾಲೆಗೆ ಇಳಿದಳು. ಅವಳ ಮುಖ ನೋಡಲಾರದೆ ವೈರಮನ್ನನ್ನು ಕರೆಸಿದೆ. ತಮ್ಮನೂ ಬಂದು ಚಹಾ ಕುಡಿಯುತ್ತ ಕೂತ.

"ಇವು ಒಂದ ಮೀಟರಿನ ತಂತಿಯೊಳಗ ನಡೀತಾವ್ರಿ," ಎನ್ನುತ್ತ ವೈರಮನ್ ನಮ್ಮ ಮೀಟರಿನ ಫ್ಯೂಜು ಕಿತ್ತ. ಮನೆಯ ದೀಪಗಳೆಲ್ಲ ಆರಿದವು. ಮಾಳಿಗೆಯ ಫ್ಯಾನು ಮಾತ್ರ ಆರಾಮಾಗಿ ತಿರುಗುತ್ತಿತ್ತು. ಆಮೇಲೆ ತಮ್ಮನ ಮೀಟರಿನ ಫ್ಯೂಜು ಕಿತ್ತ. ಫ್ಯಾನು ನಿಂತಿತು. ಪಾಲಾದಾಗಿನಿಂದ ಆ ಕೋಣೆ ನಡೆದದ್ದು ತಮ್ಮನ ಕರೆಂಟಿನ ಮೇಲೆ!

ಆ ಕೋಣೆಯ ತಂತಿಯನ್ನು ನಮ್ಮ ಮೀಟರಿಗೆ ಜೋಡಿಸಿ ಫ್ಯೂಜು ಹಾಕಿದ ಕೂಡಲೇ ಹಸಿರು ದೀಪ ಹತ್ತಿತು. ಮಗಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಓದಲು ಕೂತಳು. ನಾನು ತಲೆ ತಗ್ಗಿಸಿ, "ಡಬ್ಬಿ ಚಲೋ ಅದಾವಪಾ, ಇಟ್ಕೋತೇನಿ," ಎಂದೆ.

"ಇಟ್ಕೋ ಅಣ್ಣಾ," ತಮ್ಮ ಬಟ್ಟಲು ಕೆಳಗಿಟ್ಟು ಎದ್ದ. "ಅದರಾಗ ಒಂದು ಇವತ್ತೊಂದಿನ ನನಗ ಕೊಡು. ನಿನ್ನ ದನದ ಕೊಟಗಿ, ಬಚ್ಚಲಾ, ದೇವರ ಮನಿ, ಎಲ್ಲಾ ಕಡೆ ಹಚ್ಚಿ, ಎಲ್ಲೆಲ್ಲಿ ದೀಪ ಹತ್ತೂದಿಲ್ಲ ನೋಡ್ತೇನಿ."