ಪೂಜೆಗೆ ಕೂತ ಮೌಸು

ಸಿರುಗುಪ್ಪದಲ್ಲಿ ಮಿರ್ಚಿ ಮಾರುವ ಈರಮ್ಮನ ಅರ್ಜಿಯ ಮೇಲೆ ಅರ್ಧ ಕ್ಲಿಕ್ಕು ಆಗಿದೆ. ಉಳಿದರ್ಧ ಪೂಜೆಗೆ ಕೂತಿದೆ. ಇದು ಚಲಿಸುವ ಅಂಗಡಿಗಳ ನಿಯಂತ್ರಣ ಮಂಡಳಿಯ ಅಧಿಕೃತ ನಿಲುವು. ಇದನ್ನು ಮೊದಲ ಸಲ ಕೇಳಿದಾಗ ಈರಮ್ಮ ನಕ್ಕಳು, ಎರಡನೆಯ ಸಲ ಬೈದಳು, ಮೂರನೆಯ ಸಲ ಕಣ್ಣೊರೆಸಿಕೊಂಡಳು. ಈಗ ಅವಳ ನಿಲುವೂ ಅದೇ ಆಗಿದೆ.

ಅದು ಹೇಗಾಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈರಮ್ಮ ಹತ್ತಿರದ ಕರೂರಿನಿಂದ ದಿನಾ ಬಸ್ಸಿಗೆ ಬಂದು, ಸಿರುಗುಪ್ಪದ ಬಸ್ ನಿಲ್ದಾಣದ ಗೋಡೆಗೆ ಒತ್ತಿಕೊಂಡು ನಿಂತಿರುತ್ತಿದ್ದ ತನ್ನ ತಳ್ಳುಗಾಡಿಯ ಮೇಲೆ ಬಾಣಲೆ ಇಡುತ್ತಿದ್ದಳು. ಗಂಡ ಮಲ್ಲಯ್ಯ ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ಗಿರಾಕಿಗಳು ಬೇಡವೆಂದರೂ ಊರ ಸುದ್ದಿ ಹೇಳುತ್ತಿದ್ದ. ಮನೆ ನಡೆಯುತ್ತಿದ್ದದ್ದು ಆ ಬಾಣಲೆಯ ಮೇಲೆ. ಗಾಡಿಗೆ ಮಂಡಳಿಯ ಲೈಸೆನ್ಸು ಇತ್ತು. ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಹೊಸದು ಮಾಡಿಸುವುದೆಂದರೆ ಕಚೇರಿಯ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಮೇಲೆ ಟಕಟಕ ಎಂದು ಎರಡು ಸಲ ಒತ್ತುವುದು. ಎಷ್ಟೋ ವರ್ಷ ಅದು ಹಾಗೇ ನಡೆದಿತ್ತು. ಆಗ ಮೌಸಿಗೆ ಬಾಲದಂತೆ ವೈರು ಇತ್ತು.

ಬಳ್ಳಾರಿಯಲ್ಲಿ ಮಂಡಳಿಯ ಹೊಸ ಕಟ್ಟಡದ ಉದ್ಘಾಟನೆಯ ಫೋಟೋದಲ್ಲಿ ಗಣ್ಯರ ಕಾಲ ಸಂದಿಯಲ್ಲಿ ವೈರುಗಳು ಕಂಡವು. ಅದು ಮಂಡಳಿಯ ಘನತೆಗೆ ತಕ್ಕದ್ದಲ್ಲವೆಂದು ಎಲ್ಲ ಕಚೇರಿಗಳಿಗೂ ವೈರಿಲ್ಲದ ಮೌಸು ಬಂತು. ವೈರಿಲ್ಲದ ಮೌಸಿಗೆ ಒಂದು ಪೆನ್ಸಿಲ್ ಸೆಲ್ಲು ಬೇಕು. ಸಿರುಗುಪ್ಪ ಕಚೇರಿಯ ಸೆಲ್ಲು ಹಾಕಿದಷ್ಟೇ ಬೇಗ ತೀರತೊಡಗಿತು. ಕಾರಣ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶನಿವಾರ ಸಂಜೆ ಆ ಸೆಲ್ಲು ಅಧೀಕ್ಷಕ ಕೊಟ್ರಬಸಪ್ಪನವರ ಅಂಗಿ ಜೇಬಿನಲ್ಲಿ ಅವರ ಮನೆಗೆ ಹೋಗಿ, ಭಾನುವಾರವಿಡೀ ಅವರ ಹೆಂಡತಿ ಸುವರ್ಣಮ್ಮನವರ ಟಿವಿ ರಿಮೋಟಿನಲ್ಲಿ ದುಡಿದು, ಸೋಮವಾರ ಸುಸ್ತಾಗಿ ಕಚೇರಿಗೆ ಮರಳುತ್ತಿತ್ತು. ಕೆಲವು ಸೋಮವಾರ ಮರಳುವುದನ್ನೇ ಮರೆಯುತ್ತಿತ್ತು. ಕಂಪ್ಯೂಟರಿನ ಮುಂದೆ ಕೂರುವ ಹೇಮಾ ಒಮ್ಮೆ ಮಿರ್ಚಿ ತಿನ್ನುತ್ತ ಇದನ್ನು ಈರಮ್ಮನಿಗೂ ಹೇಳಿದ್ದಳು.

ಜಗತ್ತಿನಲ್ಲಿ ಇಂಥ ತೊಂದರೆಗೆ ಒಂದೊಂದು ಕಡೆ ಒಂದೊಂದು ಉಪಾಯ ಮಾಡುತ್ತಾರೆ. ಕೆಲವು ದೇಶಗಳಲ್ಲಿ ಹೊಸ ಸೆಲ್ಲು ಹಾಕುತ್ತಾರೆ ಎಂದೂ ಹೇಳುವವರಿದ್ದಾರೆ. ಮಂಡಳಿ ಅಷ್ಟು ಹಗುರವಾಗಿ ತೆಗೆದುಕೊಳ್ಳಲಿಲ್ಲ. ವಲಯ ನಿರ್ದೇಶಕರಾದ ದೊಡ್ಡಬಸವರಾಜ ಅವರು ಒಂದು ಸಮಿತಿ ಮಾಡಿದರು. ಸಮಿತಿ ಊರೂರು ತಿರುಗಿ, ಊರೂರಲ್ಲಿ ಉಂಡು, ಸೆಲ್ಲು ಸಾಯಲು ಮೌಸಿನ ಅತಿಯಾದ ದುಡಿಮೆಯೇ ಕಾರಣವೆಂದು ಕಂಡುಹಿಡಿಯಿತು. ಕೂಡಲೇ ಸುತ್ತೋಲೆ ಹೊರಟಿತು:

“ದೀರ್ಘಾಯುಷ್ಮಾನ್ ಸೆಲ್ಲು ಅಭಿಯಾನದ ಅಂಗವಾಗಿ, ಮೌಸನ್ನು ಬಳಸದಿರುವಾಗ ಅದರ ಹೊಟ್ಟೆಯಡಿಯ ಗುಂಡಿಯನ್ನು ಆರಿಸತಕ್ಕದ್ದು. ಬಳಸುವಾಗ, ಬಳಕೆ ಅನಿವಾರ್ಯವೇ ಎಂದು ಮೇಲಧಿಕಾರಿಯನ್ನು ಕೇಳಿ, ಅಲ್ಲವೆಂದಲ್ಲಿ ಆಗಲೂ ಆರಿಸತಕ್ಕದ್ದು. ನಡುವಿನ ಚಕ್ರವನ್ನು ಕೆಳಮುಖವಾಗಿ ಮಾತ್ರ ತಿರುಗಿಸತಕ್ಕದ್ದು. ಡಬಲ್ ಕ್ಲಿಕ್ಕು ದುಂದುವೆಚ್ಚವಾಗಿರುವುದರಿಂದ, ಇನ್ನು ಮುಂದೆ ಮೊದಲ ಕ್ಲಿಕ್ಕನ್ನು ಅರ್ಜಿ ಬಂದಾಗಲೂ, ಎರಡನೆಯದನ್ನು ವಲಯ ಕಚೇರಿಯ ಅನುಮೋದನೆ ಬಂದಾಗಲೂ ಒತ್ತತಕ್ಕದ್ದು. ಯಾವ ಕಚೇರಿಯಿಂದ ಹೊಸ ಸೆಲ್ಲಿಗೆ ಬೇಡಿಕೆ ಬರುವುದಿಲ್ಲವೋ ಆ ಕಚೇರಿಯ ಸೆಲ್ಲು ಜೀವಂತವಿದೆಯೆಂದು ಭಾವಿಸತಕ್ಕದ್ದು.”

ಇದರ ಬೆನ್ನಿಗೇ ಮೌಸಿನಡಿ ಹಾಸುವ ಪ್ಯಾಡುಗಳು ಬಂದವು. ತಿಳಿಬಣ್ಣದ ಬಟ್ಟೆಯ ಮೇಲೆ ಓಡಾಡಿದರೆ ಮೌಸಿಗೆ ಆಯಾಸ ಕಡಿಮೆ ಎಂದು ನಿರ್ದೇಶಕರು ಎಲ್ಲೋ ಓದಿದ್ದರು. ಟೆಂಡರು ಕೌಲ್ ಬಜಾರಿನ ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಗೆ ಆಯಿತು. ಅದು ನಿರ್ದೇಶಕರ ಭಾಮೈದುನನದಾಗಿದ್ದುದು ಬಳ್ಳಾರಿ ಎಷ್ಟು ಸಣ್ಣ ಊರು ಎಂಬುದನ್ನಷ್ಟೇ ತೋರಿಸುತ್ತದೆ. ಕಾರ್ಖಾನೆಯಲ್ಲಿ ಇದ್ದದ್ದು ಕಡುನೀಲಿ ಬಟ್ಟೆ. ಅದರ ಮೇಲಿಟ್ಟರೆ ಪರದೆಯ ಬಾಣ ಚಳಿಜ್ವರ ಬಂದಂತೆ ನಡುಗುತ್ತಿತ್ತು. ಆದರೆ ಪ್ಯಾಡಿಗೆ ರೂಢಿಯಂತೆ ಒಂದು ಜೇಬೂ ಹೊಲಿದಿದ್ದರು. ಅದು ಮಾತ್ರ ಎಲ್ಲ ಕಚೇರಿಗಳಲ್ಲೂ ಬಹಳ ಉಪಯೋಗಕ್ಕೆ ಬಂತು.

ಈರಮ್ಮ ಲೈಸೆನ್ಸು ಹೊಸದು ಮಾಡಿಸಲು ಬಂದದ್ದು ಇಂಥ ಹೊತ್ತಿನಲ್ಲಿ. ಪ್ಯಾಡಿನ ಜೇಬಿಗೆ ಹಾಕಬೇಕಾದದ್ದನ್ನು ಹಾಕಿದಳು. ಹೇಮಾ ಮೌಸಿನ ಗುಂಡಿ ಹಚ್ಚಿ, ಟಕ್ ಎಂದು ಒಮ್ಮೆ ಒತ್ತಿ, ಗುಂಡಿ ಆರಿಸಿ, ಕೈ ಕಟ್ಟಿ ಕೂತಳು.

“ಇನ್ನೊಂದು ಒತ್ತಿಬಿಡು ಯವ್ವಾ, ಎಣ್ಣಿ ಕಾಯಾಕ ಇಟ್ಟು ಬಂದೀನಿ.”

“ಒತ್ತಂಗಿಲ್ಲಕ್ಕ. ಇನ್ನೊಂದು ಬಳ್ಳಾರಿಂದ ಬರಬೇಕು.”

“ಕ್ಲಿಕ್ಕು ಬಸ್ಸಿನಾಗ ಬರ್ತೈತೇನು?”

“ಅದರ ಅಪ್ಪಣಿ ಬರ್ತೈತಿ. ಕ್ಲಿಕ್ಕು ಇಲ್ಲೇ ಐತಿ.”

“ಇಲ್ಲೇ ಇದ್ರ ಒತ್ತಾಕ ಏನು ಧಾಡಿ ನಿನಗ?”

“ನನಗೇನೂ ಇಲ್ಲಕ್ಕ. ಧಾಡಿ ಇರೋದು ಸೆಲ್ಲಿಗೆ.”

ಅಪ್ಪಣೆ ಬರುವಷ್ಟರಲ್ಲಿ ಹಳೆಯ ಲೈಸೆನ್ಸಿನ ಅವಧಿ ಮುಗಿಯಿತು. ಮುಗಿದ ಮರುದಿನವೇ ಮಂಡಳಿಯ ಟ್ರ್ಯಾಕ್ಟರ್ ಬಂದು, ಲೈಸೆನ್ಸಿಲ್ಲದ ಗಾಡಿಯೆಂದು ಅದನ್ನು ಕಚೇರಿಯ ಕಾಂಪೌಂಡಿಗೆ ಎಳೆದುಕೊಂಡು ಹೋಯಿತು. ಕಾರ್ಯಾಚರಣೆ ಚುರುಕಾಗಿತ್ತು, ಟ್ರ್ಯಾಕ್ಟರಿಗೆ ಸೆಲ್ಲಿನ ತಾಪತ್ರಯವಿಲ್ಲ. “ಬಾಣಲಿ ಇಳಿಸ್ಕೊಂಡ್ರ ಸಾಕು, ನಮಗ ಗಾಡಿ ಮ್ಯಾಲಷ್ಟೇ ಸಿಟ್ಟು” ಎಂದ ಚಾಲಕ.

ಬಳ್ಳಾರಿಯ ಅಪ್ಪಣೆ ಬಂದೇಬಂತು. ಬಂದದ್ದು ಆಯುಧಪೂಜೆಯ ದಿನ ಮಧ್ಯಾಹ್ನ. ಅಷ್ಟು ಹೊತ್ತಿಗೆ ಕೊಟ್ರಬಸಪ್ಪನವರು ಮಿಂದು ಮಡಿಯಾಗಿ, ಮೌಸನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ ಪೂಜೆಗೆ ಕೂರಿಸಿಯಾಗಿತ್ತು. ಕಾಂಪೌಂಡಿನಲ್ಲಿದ್ದುದೆಲ್ಲ ಕಚೇರಿಯ ಸ್ವತ್ತೇ ಎಂದು ಈರಮ್ಮನ ಗಾಡಿಗೂ ಬಾಳೆಕಂದು ಕಟ್ಟಿ, ನಾಲ್ಕೂ ಗಾಲಿಗೆ ವಿಭೂತಿ ಬಳಿದಿದ್ದರು. ಪೂಜೆಗೆ ಕೂತ ಆಯುಧವನ್ನು, ಪೂಜೆ ಕದಲಿಸುವ ತನಕ ಯಾರೂ ಮುಟ್ಟುವುದಿಲ್ಲ. ಯಾವ ಸುತ್ತೋಲೆಯೂ ಇಲ್ಲದೆ ಎಲ್ಲರೂ ಪಾಲಿಸುವ ನಿಯಮ ಈ ಸೀಮೆಯಲ್ಲಿ ಅದೊಂದೇ.

ಹಬ್ಬ ಮುಗಿಯಿತು. ರಜೆಗೆ ರಜೆ ಸೇರಿ, ಮೌಸನ್ನು ಯಾರೂ ಮುಟ್ಟಲಿಲ್ಲ. ಸಿರುಗುಪ್ಪದಿಂದ ಸೆಲ್ಲಿಗೆ ಬೇಡಿಕೆ ಬರದಿರುವುದನ್ನು ಕಂಡು ದೊಡ್ಡಬಸವರಾಜ ಅವರೇ ಫೋನು ಮಾಡಿದರು.

“ಕೊಟ್ರಬಸಪ್ಪನೋರ, ಇಷ್ಟು ದಿನ ಸೆಲ್ಲು ಹೆಂಗ ಬಂತ್ರಿ? ಏನು ಮಾಡಿದ್ರಿ?”

“ಏನೂ ಮಾಡಿಲ್ಲ ಸಾರ್. ಪೂಜಿಗೆ ಕುಂದ್ರಿಸಿದ್ವಿ.”

ಆ ಕಡೆಯಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ದೊಡ್ಡ ವಿಚಾರಗಳು ಹುಟ್ಟುವುದು ಅಂಥ ಸದ್ದಿನಲ್ಲಿ. ಮರುದಿನ ಎಲ್ಲ ಕಚೇರಿಗಳಿಗೂ ಎರಡನೆಯ ಸುತ್ತೋಲೆ ಬಂತು: “ಮುಂದಿನ ಆದೇಶದವರೆಗೆ ಪೂಜೆಯನ್ನು ಕದಲಿಸತಕ್ಕದ್ದಲ್ಲ.”

ಕುರುಗೋಡು ಕಚೇರಿಯ ಗವಿಸಿದ್ದೇಶ್ ಸುಮ್ಮನೆ ಕೂರುವ ಮನುಷ್ಯನಲ್ಲ. ತಮ್ಮ ಮೌಸಿಗೆ ಮೂರು ಹೊತ್ತು ಮಂಗಳಾರತಿ ಆಗುತ್ತಿದೆಯೆಂದು ವರದಿ ಕಳಿಸಿ, ಜೊತೆಗೆ ಎಣ್ಣೆಯ ಬಿಲ್ಲನ್ನೂ ಇಟ್ಟ. ಸಿರುಗುಪ್ಪದಿಂದ ಹೂವು, ತೆಂಗಿನಕಾಯಿ, ಕರ್ಪೂರದ ಬಿಲ್ಲು ಹೋಯಿತು. ಆ ಬಿಲ್ಲುಗಳಿಗೆ ಅಂಗಡಿಯೊಂದರ ಸೆಲ್ಲುಗಳನ್ನೆಲ್ಲ ಕೊಳ್ಳಬಹುದಿತ್ತು ನಿಜ. ಆದರೆ ಅದು ಬೇರೆ ಶೀರ್ಷಿಕೆಯ ಖರ್ಚು.

ಇತ್ತ ಕರೂರಿನಲ್ಲಿ ಕಡ್ಲಿಹಿಟ್ಟಿಗೆ ಹುಳ ಬಿತ್ತು. ಬಸ್ ನಿಲ್ದಾಣದ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಗಾಡಿಗಳ ರುಚಿಗೆ ಒಗ್ಗತೊಡಗಿದರು. ಸುದ್ದಿ ಹೇಳಲು ಜನ ಸಿಗದೆ ಮಲ್ಲಯ್ಯ ಈರಮ್ಮನಿಗೇ ಹೇಳತೊಡಗಿದ. ಅದನ್ನು ತಡೆಯಲಾರದೆ ಅವಳು ಬಳ್ಳಾರಿಯ ಬಸ್ಸು ಹತ್ತಿದಳು.

ನಿರ್ದೇಶಕರ ಮೇಜಿನ ಮೇಲೆ ಅವರ ಮೌಸು ಬೆಳ್ಳಿ ತಟ್ಟೆಯಲ್ಲಿತ್ತು.

“ಸಾಹೇಬ್ರ, ನನ್ನ ಗಾಡಿ ಬಿಟ್ಟುಬಿಡ್ರಿ. ಹೊಟ್ಟಿಪಾಡು ಐತ್ರಿ ಅದು.”

“ನಿಮ್ಮ ಗಾಡಿ ಪೂಜೆಗೆ ಕೂತಿದೆಯಮ್ಮ. ಕದಲಿಸುವುದು ನನ್ನ ಕೈಯಲ್ಲೂ ಇಲ್ಲ. ಆದೇಶವಿದೆ.”

“ಯಾರದ್ರಿ ಆದೇಶ?”

“ನನ್ನದೇ.”

ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಅಲ್ರಿ, ಪೂಜಿ ಮಾಡಿದ ಒಲಿ ಹಚ್ಚಬಾರ್ದಂತ ಯಾವ ದೇವ್ರು ಹೇಳ್ಯಾನ್ರಿ? ನಮ್ಮ ಮನ್ಯಾಗ ಒಲಿಗೆ ವಿಭೂತಿ ಹಚ್ಚಿ, ಅದರ ಮ್ಯಾಲೇನ ಹೋಳಿಗಿ ಬೇಯಿಸ್ತೀವಿ.”

ದೊಡ್ಡಬಸವರಾಜ ಅವರು ಕನ್ನಡಕ ಏರಿಸಿ ಸುತ್ತೋಲೆಯನ್ನು ಮತ್ತೊಮ್ಮೆ ಓದಿದರು. ಅವರು ನ್ಯಾಯವಂತರು; ಬರೆಯದ್ದನ್ನು ಎಂದೂ ಜಾರಿ ಮಾಡಿದವರಲ್ಲ.

“ಕದಲಿಸಬಾರದು ಎಂದಿದೆ. ಕರಿಯಬಾರದು ಎಂದು ಇಲ್ಲ.”

“ಮತ್ತ ಲೈಸೆನ್ಸು?”

“ನಿಮ್ಮ ಗಾಡಿ ಈಗ ಚಲಿಸುತ್ತದೆಯೇ?”

“ನೀವು ಬಿಟ್ರ ಅಲ್ಲೇನ್ರಿ ಚಲಿಸಾಕ?”

“ಹಾಗಾದರೆ ಅದು ಚಲಿಸುವ ಅಂಗಡಿಯಲ್ಲ. ಚಲಿಸದ ಅಂಗಡಿ ನಮ್ಮ ವ್ಯಾಪ್ತಿಗೇ ಬರುವುದಿಲ್ಲ. ವ್ಯಾಪ್ತಿಗೆ ಬಾರದ್ದಕ್ಕೆ ಲೈಸೆನ್ಸು ಯಾಕಮ್ಮ? ನಾಳೆ ಎರಡನೆಯ ಕ್ಲಿಕ್ಕು ಬಿದ್ದರೆ ಆ ಮಾತು ಬೇರೆ. ಆಗ ಅದು ಮತ್ತೆ ಚಲಿಸುವ ಅಂಗಡಿಯಾಗುತ್ತದೆ. ಅಂದೇ ಕಾಂಪೌಂಡು ಬಿಡಬೇಕು, ಇಟ್ಟಷ್ಟು ದಿನದ ಬಾಡಿಗೆಯನ್ನೂ ಕಟ್ಟಬೇಕು.”

ಈರಮ್ಮ ಒಂದು ಗಳಿಗೆ ಅವರ ಮುಖವನ್ನೇ ನೋಡಿದಳು. ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ.

“ಹಂಗಾರ ಮಿರ್ಚಿ ಹಾಕ್ಲೇನ್ರಿ?”

“ಕದಲಿಸದೆ ಹಾಕಿ.”

ಮರುದಿನ ಮಲ್ಲಯ್ಯ ಬಾಣಲೆ ಹೊತ್ತು ತಂದ. ಕಾಂಪೌಂಡಿನಲ್ಲಿ ಜನರಿಗೇನೂ ಬರವಿರಲಿಲ್ಲ. ಎಳನೀರಿನವರು, ಬಳೆಯವರು, ಐಸ್‌ಕ್ಯಾಂಡಿಯವರು ಎಲ್ಲರೂ ಅರ್ಧ ಕ್ಲಿಕ್ಕಾದವರೇ. ಬೇವಿನ ಮರದಡಿ ಕೂತು ಉಳಿದರ್ಧಕ್ಕೆ ಕಾಯುತ್ತಿದ್ದರು. ಕಾಯುವುದಕ್ಕಿಂತ ಹಸಿವೆ ಹುಟ್ಟಿಸುವ ಕೆಲಸ ಇನ್ನೊಂದಿಲ್ಲ. ಮೊದಲ ದಿನವೇ ಕಡ್ಲಿಹಿಟ್ಟು ಸಾಲಲಿಲ್ಲ. ಮಿರ್ಚಿಯ ಜೊತೆ ಕೊಡುವ ವಗ್ಗರಣಿ ಮಂಡಕ್ಕಿಯ ಘಮ ರಸ್ತೆಗೆ ಹರಡಿ, ಬಳ್ಳಾರಿ ಬಸ್ಸುಗಳು ನಿಲ್ದಾಣದಲ್ಲಿ ಉಸಿರು ಬಿಡುವ ಬದಲು ಕಚೇರಿಯ ಗೇಟಿನಲ್ಲಿ ಬಿಡತೊಡಗಿದವು. ಕೊಟ್ರಬಸಪ್ಪನವರಿಗೆ ದಿನಾ ಹನ್ನೊಂದಕ್ಕೆ ಒಂದು ಪ್ಲೇಟು ಒಳಕ್ಕೆ ಹೋಗುತ್ತಿತ್ತು. ಅದನ್ನು ಅವರು ಪ್ರಸಾದವೆಂದು ಸ್ವೀಕರಿಸುತ್ತಿದ್ದರು.

ಒಂದು ಬೆಳಿಗ್ಗೆ ಸೋಡಾ ಮಾರುವ ಎರ್ರಣ್ಣ ತನ್ನ ಗಾಡಿಯನ್ನು ತಾನೇ ತಳ್ಳಿಕೊಂಡು ಗೇಟಿಗೆ ಬಂದ.

“ಸಾರ್, ನನ್ನ ಗಾಡೀನೂ ಜಪ್ತಿ ಮಾಡ್ಕೊಳ್ರಿ.”

“ನಿನ್ನ ಲೈಸೆನ್ಸು ಸರಿ ಐತಲ್ಲೋ,” ಎಂದರು ಕೊಟ್ರಬಸಪ್ಪ.

“ಅದೇ ನನ್ನ ದುರ್ದೈವ ಸಾರ್. ಏನರ ಮಾಡಿ ಕೆಡಿಸ್ರಿ.”

“ಹಂಗೆಲ್ಲ ಬಂದೋರ್ದೆಲ್ಲ ಜಪ್ತಿ ಮಾಡಾಕ ಇದೇನು ಛತ್ರ ಅಂದ್ಕೊಂಡಿ? ಅರ್ಜಿ ಹಾಕು. ಆ ನೀಲಿ ಪ್ಯಾಡಿನ ಜೇಬು ನೋಡಿಯಲ್ಲ?”

ಎರ್ರಣ್ಣ ನೋಡಿದ್ದ. ಅವನ ಗಾಡಿ ಮಧ್ಯಾಹ್ನದೊಳಗೆ ಜಪ್ತಿಯಾಗಿ, ವಿಭೂತಿ ಬಳಿಸಿಕೊಂಡು, ಈರಮ್ಮನ ಗಾಡಿಯ ಪಕ್ಕ ನಿಂತಿತು. ಖಾರ ತಿಂದವರು ಸೋಡಾ ಕುಡಿದರು. ಊರಿನ ಸಂತೆಯೇ ಕಾಂಪೌಂಡಿಗೆ ಬಂದು ಕೂತಿತು.

ವರ್ಷದ ಕೊನೆಗೆ ಅಭಿಯಾನದ ಪ್ರಶಸ್ತಿ ಸಿರುಗುಪ್ಪಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕಚೇರಿಯಲ್ಲೇ ಸಮಾರಂಭ. ದೊಡ್ಡಬಸವರಾಜ ಅವರು ಶಾಲು, ಹಾರ, ಫಲಕದೊಂದಿಗೆ ಬಂದರು. ಎರಡನೆಯ ಸಾಲಿನಲ್ಲಿ ಗವಿಸಿದ್ದೇಶ್ ಹುಳಿ ಮುಖ ಮಾಡಿಕೊಂಡು ಕೂತಿದ್ದ. ಕಿಟಕಿಯಾಚೆ ಈರಮ್ಮ ಅತಿಥಿಗಳಿಗಾಗಿ ಮಿರ್ಚಿ ಕರಿಯುತ್ತಿದ್ದಳು. ಫಲಕ ಕೈ ಬದಲಾಗುವ ಹೊತ್ತಿಗೆ ಗವಿಸಿದ್ದೇಶ್ ಎದ್ದು ನಿಂತ.

“ಸಾರ್, ತಪ್ಪು ತಿಳ್ಕೋಬ್ಯಾಡ್ರಿ. ಸೆಲ್ಲು ಜೀವಂತ ಐತಂತ ಕಾಗದದಾಗ ಬಿಟ್ರ ಯಾರು ನೋಡ್ಯಾರ? ಎಲ್ಲಾರ ಮುಂದ ಒಂದು ಕ್ಲಿಕ್ ಮಾಡ್ಲಿ, ನೋಡೋಣು.”

ಮಾತು ನ್ಯಾಯವಾಗಿತ್ತು. ನಿರ್ದೇಶಕರು ಒಂದು ಸಲದ ಮಟ್ಟಿಗೆ ಪೂಜೆ ಕದಲಿಸಲು ಅಲ್ಲಿಯೇ ಆದೇಶ ಬರೆದರು. ಕಾಯಿ ಒಡೆಯಿತು. ಹೇಮಾ ಕಂಪ್ಯೂಟರ್ ಹಚ್ಚಿದಳು. ಪರದೆಯ ಮೇಲೆ ಮೊಟ್ಟಮೊದಲು ಬಂದದ್ದು, ಅನುಮೋದನೆ ಸಿಕ್ಕಿ ಕಾಯುತ್ತಿದ್ದ ಒಂದೇ ಒಂದು ಅರ್ಜಿ. ಕರೂರಿನ ಈರಮ್ಮ, ಮಿರ್ಚಿ ಗಾಡಿ.

ಹೇಮಾ ಓದಿದ ಹೆಸರು ಕಿಟಕಿಯಾಚೆ ಈರಮ್ಮನಿಗೂ ಕೇಳಿತು. ಬಾಡಿಗೆ, ಗೇಟಿನ ಬಸ್ಸುಗಳು, ಬೇವಿನ ಮರದ ನೆರಳು ಎಲ್ಲ ಕಣ್ಣ ಮುಂದೆ ಹಾದವು. ಜಾಲರಿ ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದಳು.

“ಸಾಹೇಬ್ರ, ಬ್ಯಾಡ್ರಿ! ನನ್ನ ಕ್ಲಿಕ್ಕು ನನಗ ಬ್ಯಾಡ್ರಿ!”

“ಅಮ್ಮ, ಮಂಡಳಿಯ ಸೇವೆಯನ್ನು ನಿರಾಕರಿಸಲು ಬೇರೆ ಅರ್ಜಿಯಿದೆ,” ಎಂದು ನಿರ್ದೇಶಕರು ಮೃದುವಾಗಿ ಹೇಳಿ, ವಿಭೂತಿ ಒರೆಸಿ, ಮೌಸಿನ ಮೇಲೆ ಬೆರಳಿಟ್ಟರು. ಕೊಟ್ರಬಸಪ್ಪನವರೂ ಬ್ಯಾಡ್ರಿ ಎನ್ನುವವರಂತೆ ಬಾಯಿ ತೆರೆದು ಮುಚ್ಚಿದರು.

ಟಕ್.

ಏನೂ ಆಗಲಿಲ್ಲ. ಮತ್ತೆ ಒತ್ತಿದರು. ದುಂದುವೆಚ್ಚವನ್ನೂ ಲೆಕ್ಕಿಸದೆ ಟಕಟಕ ಎಂದರು. ಬಾಣ ಇದ್ದಲ್ಲಿಂದ ಅಲುಗಲಿಲ್ಲ. ಮೌಸನ್ನು ಬೋರಲು ಹಾಕಿ, ಹೊಟ್ಟೆಯ ಮುಚ್ಚಳ ತೆಗೆದರು. ಒಳಗೆ ಸೆಲ್ಲು ಇರಲಿಲ್ಲ. ಎರಡು ಒಣ ಹೂವಿನ ಎಸಳಿದ್ದವು.

ಕೊಟ್ರಬಸಪ್ಪನವರು ತಿರುಗದ ಫ್ಯಾನನ್ನು ನೋಡುತ್ತ ನಿಂತರು. ಹೇಮಾ ತನ್ನ ಉಗುರು ನೋಡಿಕೊಂಡಳು. ದೊಡ್ಡಬಸವರಾಜ ಅವರು ಮುಚ್ಚಳವನ್ನು ಮೆಲ್ಲಗೆ ಹಾಕಿ, ಗಂಟಲು ಸರಿಮಾಡಿಕೊಂಡರು.

“ಬಂಧುಗಳೇ, ಸೆಲ್ಲಿನ ಆಯುಷ್ಯವನ್ನು ಹೆಚ್ಚಿಸಬೇಕೆಂದು ನಾವು ಹೊರಟೆವು. ಸಿರುಗುಪ್ಪದವರು ನಮ್ಮನ್ನೂ ದಾಟಿದ್ದಾರೆ. ಇಡೀ ವರ್ಷ ಸೆಲ್ಲೇ ಇಲ್ಲದೆ ಕಚೇರಿ ನಡೆಸಿದ್ದಾರೆ. ಸಾರ್ವಜನಿಕರಿಂದ ಒಂದಾದರೂ ದೂರು ಬಂದಿದೆಯೇ? ಯಾರಿಗಾದರೂ ತೊಂದರೆಯಾಗಿದೆಯೇ?”

ಅವರ ಕಣ್ಣು ಸಾರ್ವಜನಿಕರಿಗಾಗಿ ಹುಡುಕಿ ಈರಮ್ಮನ ಮೇಲೆ ನಿಂತಿತು.

“ಏನೇನೂ ಇಲ್ರಿ!” ಎಂದಳು ಈರಮ್ಮ. “ಭಾಳ ಚಲೋ ನಡದೈತ್ರಿ!”

ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಗವಿಸಿದ್ದೇಶ್ ಕುರ್ಚಿಯ ಮೇಲೆ ಹತ್ತಿ ನಿಂತವನಂತೆ ಕೂಗಿದ: “ನಮ್ಮಲ್ಲೂ ಸೆಲ್ಲಿಲ್ಲ ಸಾರ್! ನಮ್ಮಲ್ಲಿ ಮೊದಲಿಂದ್ಲೂ ಇಲ್ಲ!”

ಆ ವಾರದ ಸುತ್ತೋಲೆಯಂತೆ, ಈಗ ಎಲ್ಲ ಕಚೇರಿಗಳ ಮೌಸುಗಳಿಂದಲೂ ಸೆಲ್ಲು ತೆಗೆದು, ಹೆಚ್ಚಿನ ಸುರಕ್ಷತೆಯ ದೃಷ್ಟಿಯಿಂದ ಆಯಾ ಅಧಿಕಾರಿಗಳ ಮನೆಯಲ್ಲಿ ಇರಿಸಲಾಗಿದೆ. ಮೌಸು ಮತ್ತೆ ತಟ್ಟೆಯಲ್ಲಿ ಕೂತಿದೆ. ಹೂವಿನ ಬಿಲ್ಲು ನಿಂತಿಲ್ಲ.

ಅಂದು ಅತಿಥಿಗಳೆಲ್ಲ ಹೋದ ಮೇಲೆ ಈರಮ್ಮ ಕೊಟ್ರಬಸಪ್ಪನವರಿಗೆ ಬಿಸಿ ಮಿರ್ಚಿಯ ಪ್ಲೇಟು ಕೊಟ್ಟಳು. ಕೇಳದಿದ್ದರೂ ಒಂದು ಹೆಚ್ಚಿಗೆ ಇಟ್ಟಿದ್ದಳು.

“ಸುವರ್ಣಮ್ಮಾರು ಆರಾಮ ಅದಾರೇನ್ರಿ ಸಾರ್? ಟಿವಿ ನೋಡಾಕತ್ತಾರೇನ್ರಿ?”

ಅವರು ಮಿರ್ಚಿ ಮುರಿದು, ಉಫ್ ಎಂದು ಊದಿದರು. “ನೋಡಾಕತ್ತಾಳವಾ. ಏನೂ ತೊಂದ್ರಿ ಇಲ್ಲ.”

“ಹಂಗಾರ ಸೆಲ್ಲು ಗಟ್ಟಿ ಐತಿ ಬಿಡ್ರಿ.”

ಅವಳು ಗಾಡಿಗೆ ಮರಳಿದಳು. ಗಾಲಿಯ ಮೇಲಿನ ವಿಭೂತಿ ಮಾಸಿತ್ತು. ಬೆರಳಲ್ಲಿ ಮತ್ತೊಮ್ಮೆ ಬಳಿದಳು. ಆಮೇಲೆ ಅತ್ತಿತ್ತ ನೋಡಿ, ಗಾಲಿಗೆ ಅಡ್ಡ ಇಟ್ಟಿದ್ದ ಕಲ್ಲನ್ನು ಕಾಲಿನಿಂದ ಇನ್ನೊಂದಿಷ್ಟು ಒಳಕ್ಕೆ ಒತ್ತಿದಳು.