ಭರಣಿಯ ಹೊಟ್ಟೆಯೊಳಗೊಂದು ಕೊಕ್ಕೆ

ನಮ್ಮಕ್ಕ ಗೌರಕ್ಕನ ಮದುವೆಯ ಕುಂಕುಮದ ಭರಣಿ ಒಡೆದವನು ನಾನೇ. ಮರದ ಮೇಲೋ, ಲೇತಿನ ಮೇಲೋ, ಹೋಗಿ ಬಂದು ಮಾಡುವ ಕರೆಂಟಿನ ಮೇಲೋ ತಪ್ಪು ಹೊರಿಸಬಹುದಿತ್ತು. ಆದರೆ ಸುಳ್ಳು ಹೇಳುವಷ್ಟು ಹೊತ್ತು ಗಂಭೀರವಾಗಿರುವುದು ನನ್ನ ಕೈಲಾಗದ ಕೆಲಸ. ಒಂದು ಕಡೆ ಕೂತರೆ ನನ್ನ ಕಾಲು ಕುಣಿಯುತ್ತದೆ; ಕಾಲು ಸುಮ್ಮನಾದರೆ ಬಾಯಿ ಶುರುವಾಗುತ್ತದೆ. ಧರ್ಮಪುರದ ಬಸ್ಸಿನ ಕಂಡಕ್ಟರು, ನಮ್ಮಪ್ಪನ ಕೆಮ್ಮು, ತಾಳ್ಯದಿಂದ ಹೆಣ್ಣು ನೋಡಲು ಬಂದು "ಉಪ್ಪಿಟ್ಟು ಚಲೋ ಐತೆ" ಎಂದು ಮೂಗಿನಲ್ಲೇ ಮೆಚ್ಚಿಕೊಂಡ ಬೀಗರು, ಯಾರ ದನಿಯೂ ನನ್ನಿಂದ ತಪ್ಪಿಸಿಕೊಂಡಿಲ್ಲ. ಇಂಥವನು ಹೊಟ್ಟೆಪಾಡಿಗೆ ಹಿಡಿದದ್ದು ಬಾಯಿ ಮುಚ್ಚಿ ಕಿವಿ ತೆರೆದು ಮಾಡಬೇಕಾದ ಕೆಲಸ, ನೋಡಿ.

ಹಿರಿಯೂರಿನ ಪೇಟೆಯಲ್ಲಿ ಬಷೀರ್ ಚಾಚಾ ಅವರದು ಮರ ಕಡೆಯುವ ಅಂಗಡಿ; ನಾನಲ್ಲಿ ಕೆಲಸಕ್ಕಿದ್ದೆ. ಲೇತಿನಲ್ಲಿ ಗಿರಗಿರ ತಿರುಗುವ ಮರಕ್ಕೆ ಉಳಿ ಹಿಡಿದರೆ ಲಟ್ಟಣಿಗೆಯೋ ಬುಗುರಿಯೋ ಮಂಚದ ಕಾಲೋ ಆಗುತ್ತದೆ. ಅದು ಕಣ್ಣಿನ ಕೆಲಸ. ಒಳಗೆ ಟೊಳ್ಳು ಮಾಡುವುದು ಹಾಗಲ್ಲ. ಮರದ ಹೊಟ್ಟೆಯೊಳಗೆ ಉಳಿಯ ಮೂತಿ ಎಲ್ಲಿ ಓಡಾಡುತ್ತಿದೆಯೋ ಕಾಣುವುದಿಲ್ಲ, ಸದ್ದೇ ಗತಿ. ದಪ್ಪವಿದ್ದಾಗ 'ಗೊರ್ರ್' ಅನ್ನುವ ಮರ, ತೆಳುವಾದಂತೆ 'ಕೀಂ' ಅನ್ನುತ್ತದೆ. ಆಗ ನಿಲ್ಲಿಸಬೇಕು. ಅದಕ್ಕೇ ಟೊಳ್ಳು ತೆಗೆಯುವಾಗ ಅಂಗಡಿಯಲ್ಲಿ ಯಾರೂ ಉಸಿರೆತ್ತಬಾರದೆಂದು ಚಾಚಾರ ಕಟ್ಟಪ್ಪಣೆ. ನನಗೋ ಆ ಮೌನದಲ್ಲಿ ಮೈಯೆಲ್ಲ ಕಡಿತ. ಚಾಚಾ ಉಳಿ ಹಿಡಿದಿರುವಾಗ ಹಿಂದೆ ನಿಂತು ಸಣ್ಣಗೆ 'ಕೀಂ' ಅನ್ನುತ್ತಿದ್ದೆ. ಅವರು ಬೆಚ್ಚಿಬಿದ್ದು ಉಳಿ ಎಳೆದುಕೊಂಡು, ಬೆರಳಿಟ್ಟು ಒಳಗೆ ತಡವಿ, "ಏ ಶೈತಾನ್, ನಿನ್ ಗಂಟಲು ಕೊರೀತೀನಿ ನೋಡು!" ಅನ್ನುತ್ತಿದ್ದರು.

ಗೌರಕ್ಕನ ಮದುವೆ ಗೊತ್ತಾಯಿತು. ತನ್ನ ತಮ್ಮನೇ ಕೈಯಾರೆ ಕಡೆದ ಭರಣಿಯಿಂದಲೇ ಧಾರೆಯ ದಿನ ಕುಂಕುಮ ಇಟ್ಟುಕೊಳ್ಳುತ್ತೇನೆಂದು ಅವಳು ತಾಳ್ಯದವರ ಮುಂದೆ ಹೇಳಿಕೊಂಡೂ ಬಿಟ್ಟಳು. ಚಾಚಾ ಜೋಪಾನವಾಗಿಟ್ಟಿದ್ದ ಬೀಟೆಮರದ ತುಂಡೊಂದನ್ನು ಕೊಟ್ಟರು. ಅಂಥದ್ದು ಅಂಗಡಿಯಲ್ಲಿ ಇದ್ದದ್ದು ಅದೊಂದೇ. "ನೇರ ಉಳಿ ತಗೋ, ಅಗಲ ಬಾಯಿ ಮಾಡು, ಸಲೀಸು" ಅಂದರು. ಅಗಲ ಬಾಯಿ ಯಾರು ಬೇಕಾದರೂ ಮಾಡುತ್ತಾರೆ! ಸಣ್ಣ ಬಾಯಿ, ಗುಂಡು ಹೊಟ್ಟೆಯ ಭರಣಿ ಮಾಡಬೇಕು, "ಇದರೊಳಗೆ ಹೆಂಗ್ರಿ ಕೊರೆದ್ರಿ?" ಎಂದು ಬೀಗರು ಮೂಗಿನಲ್ಲೇ ಬೆರಗಾಗಬೇಕು ಎಂದು ನನ್ನ ಹಟ. ಅದಕ್ಕೆ ತುದಿ ಬಾಗಿದ ಕೊಕ್ಕೆ ಉಳಿಯೇ ಬೇಕು. ಬಸ್ಸು ಹತ್ತಿ ಧರ್ಮಪುರಕ್ಕೆ ಹೋಗಿ, ಕುಲುಮೆಯ ಮುಂದೆ ನಿಂತಲ್ಲಿ ನಿಲ್ಲದೆ ಕಮ್ಮಾರನ ತಲೆ ತಿಂದು, ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮೊಳದುದ್ದದ ಕೊಕ್ಕೆ ಬಡಿಸಿಕೊಂಡು ಬಂದೆ. ಹಿಡಿ ಮಾತ್ರ ಗೇಣುದ್ದ.

ಚಾಚಾ ಅದನ್ನು ಹೊರಳಿಸಿ ನೋಡಿದರು. "ಹಿಡಿ ಉದ್ದ ಇರಬೇಕು, ಕಬ್ಬಿಣ ಗಿಡ್ಡ. ಇದು ಉಲ್ಟಾ ಆಗೈತೆ. ಏನಪ್ಪ, ಭರಣಿ ಕೊರೀತೀಯೋ, ಬಾವಿಗೆ ಬಿದ್ದ ಬಿಂದಿಗೆ ತೆಗೀತೀಯೋ?"

ಆ ಮಾತನ್ನು ಅವರ ದನಿಯಲ್ಲೇ ಅವರಿಗೆ ತಿರುಗಿ ಒಪ್ಪಿಸಿ, ಲೇತ್ ಹಾಕಿದೆ. ಉಳಿ ನಡುಗಿತು, ಅದರ ಜೊತೆಗೆ ನನ್ನ ಹಲ್ಲೂ ನಡುಗಿದವು. ಆದರೂ ಹೊಟ್ಟೆ ಗುಂಡಗಾಗುತ್ತ ಬಂತು. ಇಷ್ಟಾದ ಮೇಲೆ ಸುಮ್ಮನಿರಲು ಸಾಧ್ಯವೇ? ಬೀಗರ ದನಿ ತೆಗೆದು, "ಉಪ್ಪಿಟ್ಟಿಗಿಂತ ಭರಣಿ ಚಲೋ ಐತೆ" ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ. ಮರ 'ಕೀಂ' ಅಂದಿತು. ಬಾಗಿಲಲ್ಲಿ ಚಾ ಕುಡಿಯುತ್ತಿದ್ದ ಚಾಚಾಗೂ ಕೇಳಿಸಿತು. "ಸಾಕು ಮಾಡಲೇ ನಿನ್ನ ಆಟ" ಎಂದರೇ ಹೊರತು ತಿರುಗಿಯೂ ನೋಡಲಿಲ್ಲ. ನಿಜವಾದ 'ಕೀಂ' ಆಗಿದ್ದರೆ ಚಾಚಾ ಓಡಿ ಬರುತ್ತಿದ್ದರಲ್ಲ ಎಂದುಕೊಂಡು ನಾನು ಇನ್ನಷ್ಟು ಒತ್ತಿದೆ. ಫಟ್! ಲೇತ್ ನಿಂತಾಗ ಕೊಕ್ಕೆಯ ಮೂತಿ ಭರಣಿಯ ಪಕ್ಕೆಯಿಂದ ಇಣುಕಿ ನನ್ನನ್ನೇ ನೋಡುತ್ತಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕನಿಗೆ ಏನು ಹೇಳಲೆಂದು ಒಬ್ಬೊಬ್ಬರ ದನಿಯಲ್ಲೂ ಹೇಳಿ ನೋಡಿಕೊಂಡೆ. ಯಾರ ದನಿಯಲ್ಲೂ ಚೆನ್ನಾಗಿ ಕೇಳಿಸಲಿಲ್ಲ. ಸುಮ್ಮನೆ ಭರಣಿಯನ್ನು ಅವಳ ಕೈಗಿಟ್ಟೆ. ಅಕ್ಕ ಅದನ್ನು ತಿರುಗಿಸಿ ನೋಡಿದಳು. ಕುಂಕುಮ ತೆಗೆಯುವವಳ ಹಾಗೆ ಉಂಗುರದ ಬೆರಳನ್ನು ಭರಣಿಯ ಬಾಯಿಗಿಟ್ಟಳು. ಹೋಗಲಿಲ್ಲ. ಕಿರುಬೆರಳು ಇಟ್ಟಳು. ಅದೂ ಹೋಗಲಿಲ್ಲ. ಆಮೇಲೆ ಪಕ್ಕೆಯ ತೂತಿಗೆ ಇಟ್ಟಳು. ಬೆರಳು ಸಲೀಸಾಗಿ ಒಳಗೆ ಹೋಯಿತು.

"ಲೇ ತಮ್ಮ," ಅಂದಳು ಗೌರಕ್ಕ, "ಸದ್ಯ ಒಡದೆಯಲ್ಲ, ಕುಂಕುಮ ತಗಳ್ಳಾಕೆ ಒಂದು ದಾರಿ ಆತು!"